ಮದುವೆ ಲೆಕ್ಕದಲ್ಲಿ ಒಂದು ಗ್ರಾಫಿಕ್ಸ್ ಕಾರ್ಡ್

ನಮ್ಮ ಕಸುಬಿನಲ್ಲಿ ಎಡಿಟಿಂಗ್ ಅನ್ನುವವರು ಕಡಿಮೆ, ಮಿಕ್ಸಿಂಗ್ ಅನ್ನುತ್ತೇವೆ. ತಿಪಟೂರಿನಲ್ಲಿ ಹದಿನೆಂಟು ವರ್ಷದಿಂದ ಮದುವೆ ವಿಡಿಯೊ ಮಿಕ್ಸಿಂಗ್ ಮಾಡಿಕೊಂಡಿರುವ ನನಗೆ ದುಡ್ಡನ್ನು ರೂಪಾಯಿಗಿಂತ ಮದುವೆಗಳಲ್ಲಿ ಎಣಿಸುವುದೇ ರೂಢಿ. ಸ್ಟುಡಿಯೊದವರು ಒಂದು ಮದುವೆಗೆ ಕೊಡುವುದು 5,000. ಹಾಗಾಗಿ ಮಗಳ ಶಾಲೆ ಫೀಸು ಅಂದರೆ ಒಂಬತ್ತು ಮದುವೆ, ಸ್ಕೂಟರ್ ಅಂದರೆ ಹದಿನೆಂಟು. 2021ರ ದೀಪಾವಳಿಗೆ ತಂದ ಗ್ರಾಫಿಕ್ಸ್ ಕಾರ್ಡು ಹೆಚ್ಚೂಕಡಿಮೆ ಹದಿನೈದು ಮದುವೆ ನುಂಗಿತು. ನುಂಗಿ, ಮೊದಲ ಮೂರು ತಿಂಗಳು ಸುಮ್ಮನೆ ಕೂತಿತ್ತು.

ಲಾಕ್‌ಡೌನಿನಲ್ಲಿ ನಿಂತಿದ್ದ ಮದುವೆಗಳೆಲ್ಲ ಒಟ್ಟಿಗೆ ಮುಹೂರ್ತ ಇಟ್ಟುಕೊಂಡಿದ್ದ ಕಾಲ ಅದು. ನನ್ನ ಹಳೇ ಕಂಪ್ಯೂಟರ್ 4ಕೆ ವಿಡಿಯೊ ಹಾಕಿದರೆ ಏದುಸಿರು ಬಿಡುತ್ತಿತ್ತು. ಗೊತ್ತಿದ್ದವರನ್ನೆಲ್ಲ ಕೇಳಿದೆ. ಎಲ್ಲರದ್ದೂ ಒಂದೇ ಮಾತು: ‘ಒಳ್ಳೇ ಕಾರ್ಡ್ ಹಾಕ್ಸು.’ ಬೆಳಗಿನ ರೈಲು ಹತ್ತಿ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದೆ.

ಅಲ್ಲಿ ಕೊಂಡದ್ದು ಎನ್‌ವಿಡಿಯಾದ ಆರ್‌ಟಿಎಕ್ಸ್ 3060, 12 ಜಿಬಿ ಮೆಮೊರಿಯದು. ಆ ವರ್ಷದ ಫೆಬ್ರವರಿಯಲ್ಲಿ ಬಿಡುಗಡೆಯಾದಾಗ ಕಂಪನಿ ಹೇಳಿದ್ದ ಬೆಲೆ 329 ಡಾಲರ್. ನಾನು ಕೊಟ್ಟದ್ದು 58,000 ರೂಪಾಯಿ. ಈಥೀರಿಯಂ ನಾಣ್ಯ ಗಣಿಗಾರಿಕೆ ಮಾಡುವವರು ಲೋಕದ ಕಾರ್ಡುಗಳನ್ನೆಲ್ಲ ಬಾಚಿಕೊಳ್ಳುತ್ತಿದ್ದ ದಿನಗಳು. ಅವರಿಗೆ ಬೇಡವಾಗಲಿ ಎಂದು ಕಂಪನಿಯೇ ಈ ಕಾರ್ಡಿನಲ್ಲಿ ಗಣಿಗಾರಿಕೆಯ ವೇಗವನ್ನು ಅರ್ಧಕ್ಕೆ ಇಳಿಸಿತ್ತು, ಆದರೂ ಬೆಲೆ ಇಳಿಯಲಿಲ್ಲ. 2022ರ ಸೆಪ್ಟೆಂಬರಿನಲ್ಲಿ ಈಥೀರಿಯಂ ಆ ಪದ್ಧತಿಯನ್ನೇ ಕೈಬಿಟ್ಟಿತು. ಅದಾದ ಮೇಲೆ ಇದೇ ಕಾರ್ಡಿನ ಬೆಲೆ ವಿಚಾರಿಸಿದ್ದು ನನ್ನ ತಪ್ಪು, ಆ ರಾತ್ರಿ ಊಟ ಸೇರಲಿಲ್ಲ.

58,000 ಅನ್ನುವುದು ಅಂಗಡಿಯ ಲೆಕ್ಕ. ಕ್ರೆಡಿಟ್ ಕಾರ್ಡಿನಲ್ಲಿ ಹನ್ನೆರಡು ಕಂತು ಮಾಡಿಸಿದ್ದಕ್ಕೆ ಬಡ್ಡಿ, ಬಡ್ಡಿಯ ಮೇಲೆ 18% ಜಿಎಸ್‌ಟಿ, ಎರಡೂ ಸೇರಿ 5,300. ಈ ಕಾರ್ಡಿಗೆ 550 ವಾಟಿನ ಎಸ್‌ಎಂಪಿಎಸ್ ಬೇಕು ಅಂತ ಕಂಪನಿಯೇ ಹೇಳುತ್ತದೆ. ನನ್ನದು 450, ಬದಲಾಯಿಸಿದೆ, 4,500. ಮನೆಗೆ ತಂದು ಮೊದಲ ಸಲ ಎಕ್ಸ್‌ಪೋರ್ಟ್ ಒತ್ತಿದಾಗ ಕರೆಂಟು ಹೋಯಿತು. ಹಳೇ 600 ವಿಎ ಯುಪಿಎಸ್ ಒಂದೇ ಸಮನೆ ಕಿರುಚಿ ಕಣ್ಣುಮುಚ್ಚಿತು. ಹೊಸ ಯುಪಿಎಸ್ 5,500. ಒಟ್ಟು 73,300. ವ್ಯಾಪಾರಕ್ಕೆ ಕೊಂಡದ್ದಲ್ಲವೇ, ತೆರಿಗೆಯಲ್ಲಿ ಏನಾದರೂ ವಾಪಸು ಬರುತ್ತದೆಯೇ ಎಂದು ಲೆಕ್ಕ ನೋಡುವವರನ್ನು ಕೇಳಿದೆ. ಕಂಪ್ಯೂಟರಿಗೆ ವರ್ಷಕ್ಕೆ 40% ಸವಕಳಿ ಉಂಟು, 180 ದಿನಕ್ಕಿಂತ ಕಡಿಮೆ ಬಳಸಿದ ವರ್ಷ ಅದರಲ್ಲಿ ಅರ್ಧ. ಆದರೆ ನಾನು ಅಂದಾಜು ಲಾಭದ ಪದ್ಧತಿಯಲ್ಲಿ ರಿಟರ್ನ್ ಹಾಕುವವನು, ಅದರಲ್ಲಿ ಸವಕಳಿ ಪ್ರತ್ಯೇಕವಾಗಿ ಸಿಗುವುದಿಲ್ಲ. ಜಿಎಸ್‌ಟಿ ನೋಂದಣಿಯೂ ಇಲ್ಲ, ಹಾಗಾಗಿ ಕಾರ್ಡಿನ ಬೆಲೆಯೊಳಗೇ ಅಡಗಿದ್ದ 8,847 ರೂಪಾಯಿ ತೆರಿಗೆಯೂ ಹೋಯಿತು.

ಇಷ್ಟೆಲ್ಲ ಖರ್ಚು ಮಾಡಿದವನು ಒಂದು ಕಡೆ ಮಾತ್ರ ಜಾಣತನ ತೋರಿಸಿದೆ. ಕಾರ್ಡಿನ ಜೊತೆಗೆ ಹೊಸ ಪ್ರೊಸೆಸರನ್ನೂ ಕೊಂಡೆ, ಅದರ ಬೆಲೆ ಮೇಲಿನ ಲೆಕ್ಕದಲ್ಲಿಲ್ಲ. ಕೊಳ್ಳುವಾಗ ಇಂಟೆಲ್ ಐ5-11400 ಮತ್ತು ಐ5-11400ಎಫ್ ಎರಡನ್ನೂ ಮುಂದಿಟ್ಟರು. ಎರಡಕ್ಕೂ ಅವೇ ಆರು ಕೋರ್. ಎಫ್ ಇರುವುದರಲ್ಲಿ ಒಳಗಿನ ಗ್ರಾಫಿಕ್ಸ್ ಇಲ್ಲ, 1,800 ರೂಪಾಯಿ ಕಡಿಮೆ. ‘58,000ದ ಕಾರ್ಡ್ ಇರುವಾಗ ಒಳಗಿನದು ಯಾಕೆ?’ ಅಂತ ನಾನೇ ಹೇಳಿ ಎಫ್ ಕಟ್ಟಿಸಿಕೊಂಡೆ.

ತುಳಸಿ ಹಬ್ಬ ಕಳೆದ ಮೇಲೆ ಮದುವೆಗಳು ಶುರುವಾದವು. ಪಕ್ಕದ ಊರಿನ ಸ್ಟುಡಿಯೊದವರು ಸೋನಿಯ ಹೊಸ ಕ್ಯಾಮೆರಾ ತಂದಿದ್ದರು. ಅದರ ವಿಡಿಯೊ ಇದ್ದ ಹಾರ್ಡ್ ಡಿಸ್ಕ್ ಚುಚ್ಚಿ, ಮಿಕ್ಸಿಂಗ್ ಸಾಫ್ಟ್‌ವೇರ್ ಎಡಿಯಸ್ ತೆರೆದು, ಧಾರೆಯ ಕ್ಲಿಪ್ಪು ಎಳೆದು ಟೈಮ್‌ಲೈನಿಗೆ ಹಾಕಿ ಸ್ಪೇಸ್ ಬಾರ್ ಒತ್ತಿದೆ. ಪುರೋಹಿತರ ಬಾಯಿ ತೆರೆಯಿತು, ಹಾಗೇ ನಿಂತಿತು. ಓಲಗ ಮುಂದೆ ಹೋಗುತ್ತಿದೆ, ಮದುಮಗಳ ಕೈ ಮಾತ್ರ ಗಾಳಿಯಲ್ಲೇ ಇದೆ. ಟಾಸ್ಕ್ ಮ್ಯಾನೇಜರ್ ತೆರೆದರೆ ಪ್ರೊಸೆಸರ್ 100%, ಕಾರ್ಡು 4%. ಅಲ್ಲಿ ತೋರಿಸುವುದು 3ಡಿ ಎಂಬ ಗ್ರಾಫು, ಅದರ ಹೆಸರಿನ ಪಕ್ಕದ ಬಾಣ ಒತ್ತಿದರೆ ವಿಡಿಯೊ ಡಿಕೋಡ್ ಎಂಬುದೂ ಸಿಗುತ್ತದೆ. ಅದನ್ನೂ ಆರಿಸಿದೆ. ಸೊನ್ನೆ. ಉರಿಯುವ ಒಲೆಯ ಪಕ್ಕದಲ್ಲಿ ಗ್ಯಾಸ್ ಸಿಲಿಂಡರ್ ಸೀಲ್ ಒಡೆಯದೆ ನಿಂತ ಹಾಗೆ.

ಕಾರಣ ತಿಳಿಯಲು ನನಗೆ ಮೂರು ತಿಂಗಳು ಬೇಕಾಯಿತು. ಮೊದಲು ಡ್ರೈವರ್ ಬದಲಿಸಿದೆ, ವಿಂಡೋಸ್ ಮತ್ತೆ ಹಾಕಿದೆ, ರ‍್ಯಾಮ್ ಹೆಚ್ಚಿಸುವ ಯೋಚನೆಯನ್ನೂ ಮಾಡಿದೆ.

ಹಿಂದೆ ಮಿನಿ ಡಿವಿ ಕ್ಯಾಸೆಟ್ ಇತ್ತಲ್ಲ, ಅದರಲ್ಲಿ ಪ್ರತಿ ಫ್ರೇಮೂ ಪೂರ್ತಿ ಚಿತ್ರ. ಗಂಟೆಗೆ 13 ಜಿಬಿ ಜಾಗ ತಿನ್ನುತ್ತಿತ್ತು, ಆದರೆ ಎಲ್ಲಿ ಬೇಕಾದರೂ ತೆರೆದು ಓದಬಹುದಿತ್ತು. ಈಗಿನ ಕ್ಯಾಮೆರಾಗಳ ಎಚ್.265 ವಿಡಿಯೊ ನಮ್ಮ ತಂದೆಯ ಕಿರಾಣಿ ಅಂಗಡಿ ಖಾತೆ ಪುಸ್ತಕದಂತೆ. ಪುಟದ ಮೊದಲ ಸಾಲಿನಲ್ಲಿ ಹೆಸರು, ಸರಕು ಎಲ್ಲ ಬರೆದು ಮುಂದೆ ‘ಸದರಿ, ಸದರಿ’ ಎಂದು ಗೀಚುತ್ತಿದ್ದರು. ಹದಿನೈದನೇ ಸಾಲು ಏನೆಂದು ತಿಳಿಯಬೇಕಾದರೆ ಬೆರಳು ಮೇಲಕ್ಕೆ ಹೋಗಬೇಕು. ಹಾಗೆಯೇ ಇಲ್ಲಿ ಒಂದು ಫ್ರೇಮ್ ಪೂರ್ತಿ, ಉಳಿದವುಗಳಲ್ಲಿ ಬದಲಾದದ್ದಷ್ಟೇ. ಕ್ಯಾಮೆರಾಗೆ ಜಾಗ ಉಳಿತಾಯ, ಓದುವವನಿಗೆ ಕಷ್ಟ. ಆ ಓದುವ ಕೆಲಸವೇ ಡಿಕೋಡ್. ಅದಕ್ಕೆಂದೇ ಚಿಪ್ಪಿನಲ್ಲಿ ಒಂದು ಪುಟ್ಟ ಪ್ರತ್ಯೇಕ ಭಾಗ ಇರುತ್ತದೆ. 3060ರಲ್ಲಿರುವ ಮೂರೂವರೆ ಸಾವಿರ ಕೋರ್‌ಗಳಿಗೂ ಅದಕ್ಕೂ ಸಂಬಂಧವಿಲ್ಲ. ನನ್ನ ಕಾರ್ಡಿನಲ್ಲೂ ಆ ಭಾಗ ಇತ್ತು, ಆದರೆ ಅದು 4:2:0 ಓದುತ್ತದೆ, 4:2:2 ಓದುವುದಿಲ್ಲ. ಹೊಸ ಕ್ಯಾಮೆರಾದ್ದು 10 ಬಿಟ್ 4:2:2, ಬಣ್ಣದ ವಿವರ 4:2:0ದ ಎರಡರಷ್ಟು. ಆಗ ಅದನ್ನು ಓದುತ್ತಿದ್ದುದು ಇಂಟೆಲ್‌ನ ಕ್ವಿಕ್ ಸಿಂಕ್. ಎಡಿಯಸ್‌ಗಂತೂ ಎಷ್ಟೋ ವರ್ಷದಿಂದ ಅದೇ ಬಲಗೈ. ಕ್ವಿಕ್ ಸಿಂಕ್ ಇರುವುದು ಎಲ್ಲಿ? ಪ್ರೊಸೆಸರಿನ ಒಳಗಿನ ಗ್ರಾಫಿಕ್ಸಿನಲ್ಲಿ. ನಾನು 1,800 ರೂಪಾಯಿ ಉಳಿಸಿದ್ದು ಅಲ್ಲಿಯೇ.

ಇದನ್ನು ನನಗೆ ಬಿಡಿಸಿ ಹೇಳಿದವನು ಡ್ರೋನ್ ಹಾರಿಸುವ ಇಪ್ಪತ್ತೆರಡರ ಹುಡುಗ. ‘ಅಣ್ಣಾ, ಪ್ರಾಕ್ಸಿ ಮಾಡ್ಕೋಬಹುದಿತ್ತಲ್ಲ?’ ಅಂದ. ರಾತ್ರಿ ಮಲಗುವಾಗ ಎಲ್ಲ ಕ್ಲಿಪ್ಪಿಗೂ ಹಗುರವಾದ ಚಿಕ್ಕ ನಕಲು ತೆಗೆಯಲು ಬಿಡುವುದು, ಬೆಳಗ್ಗೆ ಆ ನಕಲಿನ ಮೇಲೆ ಕತ್ತರಿಸುವುದು, ಕೊನೆಗೆ ಸಾಫ್ಟ್‌ವೇರೇ ಅಸಲನ್ನು ಹಾಕಿಕೊಂಡು ಎಕ್ಸ್‌ಪೋರ್ಟ್ ಮಾಡುತ್ತದೆ. ಖರ್ಚು: ಡಿಸ್ಕಿನಲ್ಲಿ ಸ್ವಲ್ಪ ಜಾಗ. ಹಳೇ ಕಂಪ್ಯೂಟರಿನಲ್ಲೂ ಆಗುತ್ತಿತ್ತು. ಆ ಗುಂಡಿ ಎಡಿಯಸ್‌ನಲ್ಲಿ ಎಷ್ಟೋ ವರ್ಷದಿಂದ ನನ್ನ ಕಣ್ಣೆದುರೇ ಇತ್ತು.

ಎಫ್ ಪ್ರೊಸೆಸರನ್ನು 9,500ಕ್ಕೆ ಮಾರಿದೆ, ಎಫ್ ಇಲ್ಲದ್ದನ್ನು 15,600ಕ್ಕೆ ತಂದೆ. 1,800 ಉಳಿಸಿದ್ದನ್ನು ಸರಿಪಡಿಸಲು 6,100. ಜೋಡಿಸಿದರೂ ಮೊದಲು ಏನೂ ಬದಲಾಗಲಿಲ್ಲ. ಬೇರೆ ಕಾರ್ಡ್ ಇದ್ದರೆ ಮದರ್‌ಬೋರ್ಡು ಸಾಮಾನ್ಯವಾಗಿ ಒಳಗಿನ ಗ್ರಾಫಿಕ್ಸನ್ನು ಮಲಗಿಸಿಟ್ಟಿರುತ್ತದೆ, ಬಯೋಸ್‌ಗೆ ಹೋಗಿ ಎಬ್ಬಿಸಬೇಕು. ಎಬ್ಬಿಸಿದ ಮೇಲೆ ಟಾಸ್ಕ್ ಮ್ಯಾನೇಜರಿನಲ್ಲಿ ಎರಡು ಜಿಪಿಯು ಕಂಡವು. ಇಂಟೆಲ್‌ನದ್ದರ ವಿಡಿಯೊ ಡಿಕೋಡ್ ಗ್ರಾಫು ಮೇಲೆದ್ದಿತು, ಪ್ರೊಸೆಸರ್ ಮೂವತ್ತಕ್ಕೆ ಇಳಿಯಿತು, ಪುರೋಹಿತರು ಮಂತ್ರ ಮುಗಿಸಿದರು.

ಹಾಗಾದರೆ ಕಾರ್ಡ್ ದಂಡವೇ? ಅಷ್ಟೂ ಅಲ್ಲ. ಕತ್ತರಿಸುವುದು, ಜೋಡಿಸುವುದು, ಹಾಡು ಕೂರಿಸುವುದು, ಅಂದರೆ ನಾಲ್ಕು ಗಂಟೆಯ ಮದುವೆ ವಿಡಿಯೊದ ಮುಕ್ಕಾಲು ಪಾಲು ಕೆಲಸಕ್ಕೆ ಅದು ಬೇಕಿಲ್ಲ. ಬಣ್ಣಕ್ಕೆ ಬೇಕು. ಛತ್ರದ ಮಂದ ಬೆಳಕಿನಲ್ಲಿ ತೆಗೆದ ಆರತಕ್ಷತೆಯ ಕಾಳುಕಾಳು ಒರೆಸಲು ಬೇಕೇಬೇಕು. ಪ್ರತಿ ಪಿಕ್ಸೆಲ್ಲಿಗೂ ಒಂದೇ ಲೆಕ್ಕವನ್ನು ಮತ್ತೆ ಮತ್ತೆ ಮಾಡುವ ಕೆಲಸ ಅದು, ಆ ಸಾವಿರಾರು ಕೋರ್‌ಗಳು ಹುಟ್ಟಿದ್ದೇ ಅದಕ್ಕೆ. 2022ರಲ್ಲಿ ಡಾವಿಂಚಿ ರಿಸಾಲ್ವ್ ಸ್ಟುಡಿಯೊ ಎಂಬ ಸಾಫ್ಟ್‌ವೇರ್ ಕೊಂಡೆ, ಪುಕ್ಕಟೆ ಆವೃತ್ತಿಯಲ್ಲಿ ಕಾಳು ಒರೆಸುವ ಸೌಲಭ್ಯವಿಲ್ಲ. 295 ಡಾಲರ್, ತೆರಿಗೆ ಸೇರಿ ನನಗೆ 26,000 ಬಿತ್ತು. ಒಂದೇ ಸಲದ ದುಡ್ಡು, ತಿಂಗಳ ಬಾಡಿಗೆ ಇಲ್ಲ. ಆಷಾಢದಲ್ಲಿ ಒಂದು ಮದುವೆಯೂ ಇಲ್ಲದವನಿಗೆ ತಿಂಗಳ ಬಾಡಿಗೆ ಅನ್ನುವುದು ಎಷ್ಟೇ ಚಿಕ್ಕದಾದರೂ ಭಾರ. ರಿಸಾಲ್ವ್‌ನಲ್ಲಿ ಮೂರು ನಿಮಿಷದ ಹೈಲೈಟ್ಸ್ ಹಾಕಿದಾಗ ಮೊದಲ ಸಲ ಕಾರ್ಡಿನ ಫ್ಯಾನ್ ಸದ್ದು ಕೇಳಿಸಿತು, ಗ್ರಾಫು 97% ಮುಟ್ಟಿತು. ಹೆಂಡತಿಯನ್ನು ಕರೆದು ತೋರಿಸಿದೆ. ‘ಫ್ಯಾನ್ ತಿರುಗೋದನ್ನ ತೋರಿಸೋಕೆ ಕರೆದ್ರಾ?’ ಅಂದಳು.

ಅಂಥ ಹೈಲೈಟ್ಸಿಗೆ ಸ್ಟುಡಿಯೊದವರಿಂದ 1,500 ಹೆಚ್ಚಿಗೆ ತೆಗೆದುಕೊಳ್ಳುತ್ತೇನೆ. ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ಕಾರ್ಡಿಗೊಂದು ಖಾತೆ ತೆರೆದಿದ್ದೇನೆ: 73,300ಕ್ಕೆ 26,000 ಸೇರಿಸಿ 99,300. ಪ್ರೊಸೆಸರಿನ 6,100 ಅದರಲ್ಲಿಲ್ಲ, ಅದು ನನ್ನ ತಲೆ ಮೇಲಿನ ಸಾಲ. ಕಾರ್ಡು ನಿಜವಾಗಿ ದುಡಿದ ಕೆಲಸಕ್ಕೆ ಮಾತ್ರ ಒಂದು ಗೀಟು. ಅರವತ್ತೇಳು ಗೀಟಿಗೆ ಸಾಲ ಚುಕ್ತಾ.

2025ರಲ್ಲಿ ಬಂದ ಆರ್‌ಟಿಎಕ್ಸ್ 50 ಸರಣಿಯ ಕಾರ್ಡುಗಳು 4:2:2 ಓದುತ್ತವೆ. ಡ್ರೋನ್ ಹುಡುಗ ಹೋದ ವಾರ ಬಂದು ಅದನ್ನೇ ವರ್ಣಿಸಿದ. ನೋಟ್‌ಬುಕ್ಕಿನ ಕೊನೇ ಪುಟ ತೆರೆದು ಅವನ ಮುಂದಿಟ್ಟೆ. ಬೆರಳಿಟ್ಟು ಎಣಿಸಿದ, ಐವತ್ತೊಂದು.