ಬೂಟಿಗೆ ಕೊಡಿ, ಬೇರಿಂಗ್‌ಗೆ ಬೇಡ

ಸ್ಕೇಟ್ಸ್ ಮಾರುವವರು ಮೊದಲು ಮಾಡುವ ಕೆಲಸವೆಂದರೆ ಚಕ್ರವನ್ನು ಬೆರಳಿನಿಂದ ಗಿರ್ರನೆ ತಿರುಗಿಸಿ ಬಿಡುವುದು. ಅದು ನಿಲ್ಲುವುದೇ ಇಲ್ಲ. ‘ಎಬೆಕ್ ನೈನ್ ಆಹೆ, ಸರ್’ ಎನ್ನುತ್ತಾರೆ. ಮಗಳು ಕಣ್ಣರಳಿಸುತ್ತಾಳೆ, ಅಪ್ಪನ ಕೈ ಫೋನಿನ ಕಡೆ, ಅಂದರೆ ಯುಪಿಐ ಕಡೆ ಹೋಗುತ್ತದೆ.

ಭಾರವಿಲ್ಲದ ಚಕ್ರ ಎಷ್ಟು ಹೊತ್ತು ತಿರುಗಿದರೇನು? ಎಪ್ಪತ್ತು ಕಿಲೋ ಮನುಷ್ಯ ಅದರ ಮೇಲೆ ನಿಂತಾಗಿನ ಕಥೆಯೇ ಬೇರೆ. ಎಬೆಕ್ ಎನ್ನುವುದು ಬೇರಿಂಗ್‌ನ ಅಳತೆ ಎಷ್ಟು ಕರಾರುವಾಕ್ಕು ಎಂದು ಹೇಳುವ ಅಮೆರಿಕದ ಶ್ರೇಣಿ. 1, 3, 5, 7, 9 ಹೀಗೆ ಏರುತ್ತದೆ. ಉಕ್ಕು ಎಂಥದು, ಒಳಗಿನ ಗ್ರೀಸ್ ಎಂಥದು, ಧೂಳು ತಡೆಯುವ ಮುಚ್ಚಳ ಹೇಗಿದೆ ಎಂಬುದನ್ನು ಆ ಸಂಖ್ಯೆ ಹೇಳುವುದಿಲ್ಲ. ಪುಣೆಯ ನಮ್ಮ ಖರಾಡಿಯಲ್ಲಿ ಕೇಳಬೇಕಾದ್ದು ಧೂಳಿನ ಪ್ರಶ್ನೆಯನ್ನೇ. ಇಯಾನ್ ಐಟಿ ಪಾರ್ಕಿನ ಸುತ್ತ ಕಟ್ಟಡ ಏಳುವುದು ನಿಂತಿಲ್ಲ, ಡಂಪರ್ ಓಡಾಟ ನಿಂತಿಲ್ಲ. ಇಲ್ಲಿ ಎಬೆಕ್ ಒಂಬತ್ತಾಗಲಿ ಐದಾಗಲಿ, ಎರಡು ತಿಂಗಳಿಗೆ ಕರಕರ ಅನ್ನದೆ ಬಿಡದು.

ಒಂದು ಜೋಡಿಗೆ ಸಾಮಾನ್ಯವಾಗಿ ಎಂಟು ಚಕ್ರ, ಹದಿನಾರು ಬೇರಿಂಗ್. ಬಹುತೇಕ ಎಲ್ಲವೂ 608 ಎಂಬ ಒಂದೇ ಅಳತೆಯವು: ಒಳವ್ಯಾಸ 8 ಮಿ.ಮೀ., ಹೊರವ್ಯಾಸ 22, ದಪ್ಪ 7. ಯಾವುದೇ ಬೇರಿಂಗ್ ಅಂಗಡಿಯಲ್ಲಿ ಸಿಗುತ್ತವೆ. ಚಕ್ರವೂ ಸವೆದರೆ ಬೇರೆ ಹಾಕಿಸಬಹುದು. ಬದಲಿಸಲು ಬಾರದ್ದು ಬೂಟು ಒಂದೇ. ಹಾಗಾಗಿ ನನ್ನ ಬಜೆಟ್‌ನ ದೊಡ್ಡ ಪಾಲು ಬೂಟಿಗೆ, ಆಮೇಲೆ ಅಲ್ಯೂಮಿನಿಯಂ ಫ್ರೇಮಿಗೆ, ಬೇರಿಂಗ್ ಕೊನೆಗೆ.

‘ಈ ವಯಸ್ಸಿನ್ಯಾಗ ನಿಮಗ್ಯಾಕ್ರೀ ಗಾಲಿ?’ ಎಂದಳು ನಮ್ಮಾಕಿ. ಮಗಳ ಜೊತೆ ನನಗೂ ಒಂದು ಜೋಡಿ ಅಂತ ಹೇಳಿದ್ದಕ್ಕೆ. ಲೆಕ್ಕ ಮಾಡಿ ತೋರಿಸಿದೆ. ಒಂಬತ್ತು ಸಾವಿರದ ಸ್ಕೇಟ್ಸ್, ಮಳೆಗಾಲ ಕಳೆದು ಎರಡು ವರ್ಷದಲ್ಲಿ ನೂರೈವತ್ತು ಗಂಟೆ ಬಳಸಿದರೆ ಗಂಟೆಗೆ ಅರವತ್ತು ರೂಪಾಯಿ. ಮೂರು ಸಾವಿರದ ಬೂಟು ಹಿಮ್ಮಡಿ ಕಚ್ಚಿ, ಹತ್ತು ಗಂಟೆಗೇ ಅಟ್ಟ ಸೇರಿದರೆ ಗಂಟೆಗೆ ಮುನ್ನೂರು. ಅವಳು ಒಪ್ಪಿದಳು ಅಂತೇನಲ್ಲ, ಸುಮ್ಮನಾದಳು.

ಬೂಟು ನೋಡುವುದಕ್ಕೆ ಸಂಜೆಯೇ ಹೋಗಬೇಕು. ದಿನವಿಡೀ ಓಡಾಡಿದ ಪಾದ ಆಗ ತುಸು ಊದಿರುತ್ತದೆ. ಮನೆಯಲ್ಲಿ ಗೋಡೆಗೆ ಹಿಮ್ಮಡಿ ಒತ್ತಿ ನಿಂತು, ಎಲ್ಲಕ್ಕಿಂತ ಉದ್ದದ ಬೆರಳಿನ ತುದಿಗೆ ಗುರುತು ಹಾಕಿ, ಸೆಂಟಿಮೀಟರಿನಲ್ಲಿ ಬರೆದುಕೊಳ್ಳಿ. ನಿತ್ಯದ ಶೂ ನಂಬರ್ ಒಂದೊಂದು ಕಂಪನಿಗೆ ಒಂದೊಂದು ಥರ. ಅಂಗಡಿಯಲ್ಲಿ ಸ್ಕೇಟಿಂಗ್‌ಗೆ ಹಾಕುವ ಕಾಲುಚೀಲವನ್ನೇ ಹಾಕಿಕೊಂಡು ಲೇಸು, ಪಟ್ಟಿ, ಬಕಲ್ ಎಲ್ಲ ಬಿಗಿದು ಎದ್ದು ನಿಲ್ಲಬೇಕು. ನೆಟ್ಟಗೆ ನಿಂತಾಗ ಬೆರಳ ತುದಿ ಮುಂಭಾಗಕ್ಕೆ ಮೆಲ್ಲಗೆ ತಾಗುತ್ತದೆ. ಮೊಣಕಾಲು ಮಡಿಚಿದೊಡನೆ ಹಿಮ್ಮಡಿ ಹಿಂದೆ ಸರಿದು ಬೆರಳು ಬಿಡುವಾಗಬೇಕು. ಆಗಲೂ ಬೆರಳು ಒತ್ತುತ್ತಿದ್ದರೆ ಚಿಕ್ಕದಾಯಿತು. ಹಿಮ್ಮಡಿ ಮೇಲೆದ್ದರೆ ದೊಡ್ಡದಾಯಿತು, ಇಲ್ಲವೇ ನಿಮ್ಮ ಪಾದದ ಆಕಾರಕ್ಕೆ ಆ ಬೂಟಲ್ಲ. ಹಾಗೇ ಹದಿನೈದು ಇಪ್ಪತ್ತು ನಿಮಿಷ ಕುಳಿತಿರಿ, ಅಂಗಡಿಯವನು ಮುಖ ಸಿಂಡರಿಸಿದರೂ ಸರಿ. ಕಾಲಗಂಟಿನ ಮೂಳೆಯ ಮೇಲೆ ಒಂದೇ ಕಡೆ ಉರಿ ಶುರುವಾದರೆ ಬಿಚ್ಚಿಟ್ಟು ಬನ್ನಿ. ‘ಹಾಕ್ತಾ ಹಾಕ್ತಾ ಸಡಿಲ ಆಗುತ್ತೆ’ ಎನ್ನುವ ಮಾತು ಒಳಗಿನ ಮೆತ್ತೆಗೆ ಸರಿ. ಗಟ್ಟಿ ಚಿಪ್ಪಿಗೆ ಅಲ್ಲ.

ಚಕ್ರದ ವಿಷಯ ಚಿಕ್ಕದು. ನಮ್ಮ ಸೊಸೈಟಿಯ ಪೋಡಿಯಂ ಪೂರ್ತಿ ಪೇವರ್ ಬ್ಲಾಕ್. ಪ್ರತಿ ಸಂದಿಯೂ ಮೊಣಕಾಲಿಗೆ ವರದಿ ಕಳಿಸುತ್ತದೆ. ಅಲ್ಲಿ 80 ಮಿ.ಮೀ. ಚಕ್ರ, ಗಡಸುತನ 80ಎ ಆಸುಪಾಸು ಇದ್ದರೆ ಹಿತ. 85ಎ ದಾಟಿದ್ದು ನುಣುಪು ನೆಲಕ್ಕೆ. ಚಕ್ರದ ಒಳಮಗ್ಗುಲು ಬೇಗ ಸವೆಯುತ್ತದೆ. ಒಂದನೆಯದನ್ನು ಮೂರನೆಯದರ ಜಾಗಕ್ಕೆ, ಎರಡನೆಯದನ್ನು ನಾಲ್ಕನೆಯದರ ಜಾಗಕ್ಕೆ ಮಗ್ಗುಲು ತಿರುಗಿಸಿ ಹಾಕುತ್ತಿದ್ದರೆ ಆಯುಷ್ಯ ಹೆಚ್ಚು. ಒಂದು ಅಲೆನ್ ಕೀ ಸಾಕು.

ಮಗಳ ವಿಷಯದಲ್ಲಿ ಲೆಕ್ಕ ತಿರುಗಾಮುರುಗಾ. ಬೆಳೆಯುವ ಪಾದಕ್ಕೆ ಒಳ್ಳೆ ಬೂಟು ಅಂದರೆ ಪ್ರತಿ ವರ್ಷ ಹೊಸ ಬೂಟು. ಮೂರು ನಾಲ್ಕು ಅಳತೆ ಹಿಗ್ಗುವ ಅಡ್ಜಸ್ಟಬಲ್ ಸ್ಕೇಟ್ಸೇ ಸೈ, ಅದೂ ಸೊಸೈಟಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಅರ್ಧ ಬೆಲೆಗೆ. ಆದರೆ ಕ್ಲಾಸಿನ ‘ಸರ್’ ಒಬ್ಬರು ಎಲ್ಲ ಮಕ್ಕಳಿಗೂ ಸ್ಪೀಡ್ ಸ್ಕೇಟ್ಸ್ ಬೇಕೆಂದರು, ಅದೂ ಒಂದೇ ಅಂಗಡಿಯದು. ಚೀನಾದಲ್ಲಿ ನಡೆದ 2025ರ ಸ್ಪೀಡ್ ಸ್ಕೇಟಿಂಗ್ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ತಮಿಳುನಾಡಿನ ಆನಂದಕುಮಾರ್ ವೇಲ್‌ಕುಮಾರ್ 1000 ಮೀಟರ್ ಚಿನ್ನ ಗೆದ್ದದ್ದು ಹೆಮ್ಮೆಯ ಸಂಗತಿಯೇ. ಅವರ ಕಾಲಿನ ಬೂಟು ಗಿಡ್ಡ, ಕಾಲಗಂಟಿಗೆ ಆಸರೆ ಕಡಿಮೆ. ವರ್ಷಗಟ್ಟಲೆ ಪಳಗಿದ ಕಾಲಿಗೆ ಮಾಡಿದ್ದು. ಇನ್ನೂ ಬ್ರೇಕ್ ಹಾಕಲು ಕಲಿಯುತ್ತಿರುವ ನನ್ನ ಮಗಳಿಗಲ್ಲ. ಕೊಡಿಸಲಿಲ್ಲ.

ಉಳಿಸಿದ ದುಡ್ಡು ಮಣಿಕಟ್ಟಿನ ಗಾರ್ಡಿಗೆ ಹೋಯಿತು. 1996ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದ ಅಧ್ಯಯನವೊಂದರ ಪ್ರಕಾರ, ಗಾರ್ಡ್ ಇಲ್ಲದವರಿಗೆ ಮಣಿಕಟ್ಟಿನ ಪೆಟ್ಟಿನ ಸಂಭವ ಹಾಕಿಕೊಂಡವರಿಗಿಂತ ಸುಮಾರು ಹತ್ತು ಪಟ್ಟು. ಬೀಳುವಾಗ ಕೈ ತಾನಾಗಿಯೇ ಮುಂದೆ ಹೋಗುತ್ತದಲ್ಲ. ಇದರಲ್ಲೊಂದು ಹಣದ ಮಾತೂ ಇದೆ: ಎಕ್ಸ್-ರೇ, ಪ್ಲಾಸ್ಟರ್, ಫಾಲೋಅಪ್ ಇವೆಲ್ಲ ಸಾಮಾನ್ಯವಾಗಿ ಹೊರರೋಗಿ ವಿಭಾಗದಲ್ಲೇ ಮುಗಿಯುವುದರಿಂದ, ಆಸ್ಪತ್ರೆಗೆ ದಾಖಲಾದರೆ ಮಾತ್ರ ಕೊಡುವ ಸಾದಾ ಆರೋಗ್ಯ ವಿಮೆಯಲ್ಲಿ ಬಿಲ್ ನಮ್ಮ ಕೈಯಿಂದಲೇ. ಗಾರ್ಡ್, ಮೊಣಕೈ ಪ್ಯಾಡು, ಮೊಣಕಾಲ ಪ್ಯಾಡು ಹರಿದಿಲ್ಲದಿದ್ದರೆ ಸೆಕೆಂಡ್ ಹ್ಯಾಂಡ್ ಆದರೂ ನಡೆಯುತ್ತದೆ. ಹೆಲ್ಮೆಟ್ ಮಾತ್ರ ಹೊಸದೇ ತಂದೆ; ಒಮ್ಮೆ ಪೆಟ್ಟು ತಿಂದು ಒಳಗಿನ ಥರ್ಮೋಕೋಲ್ ಕುಸಿದಿದ್ದರೂ ಹೊರಗಿನಿಂದ ಗೊತ್ತಾಗುವುದಿಲ್ಲ.