ಸಿಯಾಚಿನ್ ಹಿಮನದಿಯ ಶೋಧ

ಪೂರ್ವ ಕಾರಕೋರಂ ಪರ್ವತಗಳ ನಡುವೆ ಸುಮಾರು 76 ಕಿಲೋಮೀಟರ್ ಉದ್ದಕ್ಕೆ ಚಾಚಿರುವ ಸಿಯಾಚಿನ್, ಧ್ರುವಪ್ರದೇಶಗಳನ್ನು ಬಿಟ್ಟರೆ ಜಗತ್ತಿನ ಅತಿ ಉದ್ದದ ಹಿಮನದಿಗಳಲ್ಲೊಂದು. ಇದರ ಕೆಳತುದಿಯಲ್ಲಿ ಹುಟ್ಟುವ ನುಬ್ರಾ ನದಿ ಶ್ಯೋಕ್‌ನ ಮೂಲಕ ಸಿಂಧುವನ್ನು ಸೇರುತ್ತದೆ. ಬಾಲ್ಟಿ ಭಾಷೆಯಲ್ಲಿ ಸಿಯಾಚಿನ್ ಎಂದರೆ ಕಾಡುಗುಲಾಬಿಗಳು ಹೇರಳವಾಗಿರುವ ಸ್ಥಳ. ಗುಲಾಬಿ ಬೆಳೆಯುವುದು ಕೆಳಗಿನ ಕಣಿವೆಯಲ್ಲಿ; ಹಿಮನದಿಯನ್ನು ಅಲ್ಲಿಂದಲೇ ಕಂಡವರು ಈ ಹೆಸರಿಟ್ಟಿರಬೇಕು.

ಹೊರಗಿನವರೂ ಬಹುಕಾಲ ಅದನ್ನು ಕೆಳಗಿನಿಂದಲೇ ನೋಡಿದರು. 1848ರಲ್ಲಿ ಹೆನ್ರಿ ಸ್ಟ್ರೇಚಿ ಅದರ ತುದಿಯಿಂದ ತುಸು ದೂರ ಮಾತ್ರ ಮೇಲೇರಿದ್ದರು. ಪಶ್ಚಿಮದ ಸಾಲ್ಟೊರೊ ಶ್ರೇಣಿಯೇ ಮುಖ್ಯ ಜಲವಿಭಜಕವೆಂಬ ಭಾವನೆ ಬೇರೂರಿತ್ತು. ಜಲವಿಭಜಕ ತಪ್ಪಿದರೆ ನಕ್ಷೆಯೇ ತಪ್ಪುತ್ತದೆ: ಅದರ ಒಂದು ಮಗ್ಗುಲಿನ ನೀರು ಸಿಂಧುವಿನ ಮೂಲಕ ಅರಬ್ಬಿ ಸಮುದ್ರಕ್ಕೆ, ಇನ್ನೊಂದು ಮಗ್ಗುಲಿನದು ಸಮುದ್ರವನ್ನೇ ಕಾಣದ ತಾರಿಮ್ ಜಲಾನಯನಕ್ಕೆ ಸಲ್ಲುತ್ತದೆ.

ಈ ಭ್ರಮೆಯನ್ನು ಕಳೆದವರು ವೈದ್ಯರೂ ಪರ್ವತಾರೋಹಿಗಳೂ ಆಗಿದ್ದ ಟಾಮ್ ಲಾಂಗ್‌ಸ್ಟಾಫ್. 1909ರ ಜೂನ್‌ನಲ್ಲಿ ಬಿಲಾಫಾಂಡ್ ಲಾ ಎಂಬ ಕಣಿವೆಮಾರ್ಗದಿಂದ ಸಾಲ್ಟೊರೊವನ್ನು ದಾಟಿದ ಅವರಿಗೆ ಆಚೆ ಇಳಿಜಾರಿಗೆ ಬದಲು ಬೃಹತ್ತಾದೊಂದು ಹಿಮನದಿ ಎದುರಾಯಿತು. ಅದರಾಚೆ ಇನ್ನೂ ಎತ್ತರದ ತೆರಾಮ್ ಕಾಂಗ್ರಿ ಶಿಖರಗಳಿದ್ದವು. ಅದೇ ವರ್ಷ ನುಬ್ರಾದ ಕಡೆಯಿಂದಲೂ ಹೋಗಿ ನೋಡಿ, ಎರಡೂ ಕಡೆ ಕಂಡದ್ದು ಒಂದೇ ಹಿಮನದಿಯೆಂದು ಖಚಿತಪಡಿಸಿಕೊಂಡರು. ಅದು ನಕ್ಷೆಗಳಲ್ಲಿದ್ದುದಕ್ಕಿಂತ ಬಹಳ ಉದ್ದವಾಗಿತ್ತು. ಜಲವಿಭಜಕ ಈಶಾನ್ಯಕ್ಕೆ ಸರಿಯಿತು.

ಕ್ರಮಬದ್ಧ ಶೋಧನೆ ನಡೆದದ್ದು 1911-12ರಲ್ಲಿ, ಅಮೆರಿಕದ ಫ್ಯಾನಿ ಬುಲಕ್ ವರ್ಕ್‌ಮನ್ ಮತ್ತು ಅವರ ಪತಿಯ ತಂಡದಿಂದ. ಅಳತೆಯ ಕಾರ್ಯದಲ್ಲಿ ಗ್ರಾಂಟ್ ಪೀಟರ್‌ಕಿನ್‌ರೊಡನೆ ಭಾರತೀಯ ಸರ್ವೇ ಇಲಾಖೆಯ ಸರ್ಜನ್ ಸಿಂಗ್ ದುಡಿದರು. ಫ್ಯಾನಿಯವರು ಸುಮಾರು 21,000 ಅಡಿ ಎತ್ತರದಲ್ಲಿ, ಮಹಿಳೆಯರ ಮತದಾನದ ಹಕ್ಕನ್ನು ಕೋರುವ ಪತ್ರಿಕೆಯನ್ನು ಹಿಡಿದು ಛಾಯಾಚಿತ್ರ ತೆಗೆಸಿಕೊಂಡರು. ಹಿಮನದಿಯ ಉತ್ತರದಂಚಿನ ಕಣಿವೆಮಾರ್ಗಕ್ಕೆ 'ಇಂದಿರಾ' ಎಂದು ಹೆಸರಿಟ್ಟವರೂ ಅವರೇ. ಅದು ಲಕ್ಷ್ಮಿಯ ಹೆಸರು. ಪ್ರಧಾನಿಯೊಬ್ಬರ ಹೆಸರೆಂಬ ಇಂದಿನ ತಿಳಿವಳಿಕೆಗೆ ಆಧಾರವಿಲ್ಲ.

1949ರ ಕರಾಚಿ ಒಪ್ಪಂದ ಕದನವಿರಾಮ ರೇಖೆಯನ್ನು ಒಂದು ಬಿಂದುವಿನವರೆಗೆ ನಿಖರವಾಗಿ ವಿವರಿಸಿ, ಅಲ್ಲಿಂದ ಉತ್ತರಕ್ಕೆ ಹಿಮನದಿಗಳವರೆಗೆ ಎಂದಷ್ಟೇ ಹೇಳಿತು. ಉತ್ತರವೆಂದರೆ ಯಾವ ಏಣಿನ ಮೇಲೆ ಎಂಬ ವಿವಾದದಲ್ಲಿ, 1984ರ ಏಪ್ರಿಲ್‌ನಲ್ಲಿ ಭಾರತೀಯ ಸೇನೆ ಸಾಲ್ಟೊರೊ ಶ್ರೇಣಿಯನ್ನೇರಿತು. 2003ರ ನವೆಂಬರ್‌ನ ಕದನವಿರಾಮದಿಂದ ಗುಂಡು ನಿಂತರೂ ಹಿಮಪಾತ ನಿಲ್ಲಲಿಲ್ಲ. 2016ರ ಫೆಬ್ರವರಿ 3ರಂದು ಸುಮಾರು 19,600 ಅಡಿ ಎತ್ತರದ ನೆಲೆಯೊಂದು ಹಿಮದಡಿ ಹೂತುಹೋಯಿತು. ಅಲ್ಲಿದ್ದ ಹತ್ತು ಮಂದಿಯಲ್ಲಿ ಆರು ದಿನಗಳ ತರುವಾಯ ಜೀವಂತವಾಗಿ ದೊರೆತವರು ಧಾರವಾಡ ಜಿಲ್ಲೆಯ ಬೆಟದೂರಿನ ಹನುಮಂತಪ್ಪ ಕೊಪ್ಪದ ಒಬ್ಬರೇ. ಫೆಬ್ರವರಿ 11ರಂದು ಅವರು ದೆಹಲಿಯಲ್ಲಿ ತೀರಿಕೊಂಡರು.