ಸೈಕಲ್ ಚಕ್ರದಿಂದ ದೂರ ಅಳೆದ ಪಾಠ: ಬೆಳಗೊಳದ ಬೋಧನಾಭ್ಯಾಸದ ಅನುಭವ

ಶ್ರೀರಂಗಪಟ್ಟಣ ತಾಲ್ಲೂಕಿನ ಬೆಳಗೊಳದ ಪ್ರೌಢಶಾಲೆಯೊಂದರಲ್ಲಿ ನನ್ನ ಬೋಧನಾಭ್ಯಾಸ ನಡೆಯಿತು. ಎಂಟನೇ ತರಗತಿಗೆ ‘ನಕ್ಷೆಯ ಪ್ರಮಾಣ ಮತ್ತು ದೂರ’ ಎಂಬ ಪಾಠಾಂಶವನ್ನು ನಾನು ಎರಡು ಸಲ ಬೋಧಿಸಬೇಕಾಯಿತು. ಮೊದಲ ಸಲ ಎಲ್ಲಿ ಎಡವಿದೆ, ಎರಡನೇ ಸಲ ಏನು ಬದಲಿಸಿದೆ ಎಂಬುದನ್ನು ಸಹ ಪ್ರಶಿಕ್ಷಣಾರ್ಥಿಗಳೊಂದಿಗೆ ಹಂಚಿಕೊಳ್ಳುವುದು ಈ ಲೇಖನದ ಉದ್ದೇಶ.

ಆರಿಸಿಕೊಂಡ ವಿಷಯವಸ್ತು

ಪೀಠಿಕೆಗೆ ಒಂದು ನಿಜವಾದ ಪ್ರವಾಸವನ್ನು ಆರಿಸಿಕೊಂಡೆ. 1923ರ ಅಕ್ಟೋಬರ್ 15ರಂದು ಮುಂಬಯಿಯಿಂದ ಆರು ಮಂದಿ ಪಾರ್ಸಿ ತರುಣರು ಸೈಕಲ್ ಮೇಲೆ ವಿಶ್ವ ಪರ್ಯಟನೆಗೆ ಹೊರಟರು. ಅವರಲ್ಲಿ ಆದಿ ಹಕೀಮ್, ಜಾಲ್ ಬಾಪಾಸೋಲಾ, ರುಸ್ತುಂ ಭುಮ್ಗಾರಾ ಎಂಬ ಮೂವರು ಪರ್ಯಟನೆ ಮುಗಿಸಿ 1928ರ ಮಾರ್ಚ್ 18ರಂದು ಮುಂಬಯಿಗೆ ಮರಳಿದರು. ಪರ್ಷಿಯಾ, ಇರಾಕ್, ಯೂರೋಪ್, ಅಮೆರಿಕ, ಜಪಾನ್, ಚೀನಾ, ಬರ್ಮಾಗಳನ್ನು ಹಾದು ಅವರು ಕ್ರಮಿಸಿದ್ದು ಸುಮಾರು 71,000 ಕಿ.ಮೀ. ಬಾಗ್ದಾದಿನಿಂದ ಅಲೆಪ್ಪೊವರೆಗಿನ 956 ಕಿ.ಮೀ. ಮರುಭೂಮಿಯನ್ನು 23 ದಿನಗಳಲ್ಲಿ ದಾಟಿದರು. ಅವರು ಹೊರಟ ವರ್ಷ ನಮ್ಮ ಕನ್ನಂಬಾಡಿ ಕಟ್ಟೆ ಇನ್ನೂ ಕಟ್ಟುವ ಹಂತದಲ್ಲಿತ್ತು ಎಂದಾಗ ಮಕ್ಕಳಿಗೆ ಕಾಲದ ಅಂದಾಜು ಸಿಕ್ಕಿತು.

ಮೊದಲ ಪಾಠ

ಈ ಕಥೆಯನ್ನು ಹೇಳಿ, ಭೂಪಟದಲ್ಲಿ ಊರುಗಳನ್ನು ತೋರಿಸಿ, ಅಂಕಿಗಳನ್ನು ಕಪ್ಪುಹಲಗೆಯ ಮೇಲೆ ಬರೆದೆ. ಮಕ್ಕಳು ಅಚ್ಚುಕಟ್ಟಾಗಿ ನಕಲು ಮಾಡಿಕೊಂಡರು. “ದಿನಕ್ಕೆ 42 ಕಿ.ಮೀ. ಎಂದರೆ ಎಷ್ಟು ದೂರ?” ಎಂದು ಕೇಳಿದೆ. ಉತ್ತರ ಬರಲಿಲ್ಲ. ಅಂಕಿ ಅವರ ಪುಸ್ತಕದಲ್ಲಿತ್ತು, ಅನುಭವದಲ್ಲಿರಲಿಲ್ಲ.

ಹಾಗಾಗಿ ಮರುದಿನ ಮುಖ್ಯೋಪಾಧ್ಯಾಯರ ಅನುಮತಿ ಪಡೆದು ಹೊರಸಂಚಾರ ಇಟ್ಟುಕೊಂಡೆ. ಸೈಕಲ್ ಇದ್ದವರು ಸೈಕಲ್ ಮೇಲೆ, ಉಳಿದವರು ನಡೆದುಕೊಂಡು ನಾಲೆಯ ಕಡೆಗೆ ಒಂದು ಕಿ.ಮೀ. ಹೋಗಿ, ದಾರಿಯಲ್ಲಿ ಕಂಡದ್ದನ್ನು ಬರೆಯಬೇಕೆಂದು ಹೇಳಿದೆ. 36 ಮಕ್ಕಳಲ್ಲಿ ಸೈಕಲ್ ಇದ್ದದ್ದು 11 ಮಂದಿಗೆ. ರಾಜ್ಯದಲ್ಲಿ 2006–07ರಲ್ಲಿ ಎಂಟನೇ ತರಗತಿಯವರಿಗೆ ಉಚಿತ ಸೈಕಲ್ ಕೊಡುವ ಯೋಜನೆ ಆರಂಭವಾಗಿತ್ತು. ಆದರೆ ಈ ತರಗತಿಗೆ ಸೈಕಲ್ ಸಿಕ್ಕಿರಲಿಲ್ಲ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, “ಮಿಸ್, ನಮ್ಮಕ್ಕಂಗೆ ಸಿಕ್ಕಿತ್ತು, ನಮ್ಗಿಲ್ಲ. ಸೈಕಲ್ ಇಲ್ದೋರು ಹಿಂದೇನೇ ಬರ್ಬೇಕಾ?” ಎಂದಳು. “ಬೇಗ ಬೇಗ ನಡೀರಿ” ಎಂದು ಹೇಳಿ ಆ ಪ್ರಶ್ನೆಯನ್ನು ದಾಟಿಬಿಟ್ಟೆ.

ಸೈಕಲ್ ಹುಡುಗರು ಐದೇ ನಿಮಿಷದಲ್ಲಿ ಮುಟ್ಟಿ, ಪಂದ್ಯ ಗೆದ್ದವರಂತೆ ಮರದ ನೆರಳಲ್ಲಿ ಕೂತರು. ಅವರ ಹಾಳೆಯಲ್ಲಿದ್ದದ್ದು ‘ಗದ್ದೆ, ಮರ, ನಾಲೆ’ ಎಂಬ ಮೂರೇ ಪದ. ನಡೆದು ಬಂದವರ ಹಾಳೆಗಳು ತುಂಬಿದ್ದವು. ಆದರೆ ಅವರು ಬಂದು ಸೇರುವಷ್ಟರಲ್ಲಿ ಅವಧಿ ಮುಗಿಯುತ್ತಾ ಬಂದಿತ್ತು, ಒಬ್ಬರದ್ದನ್ನೂ ಓದಿಸಲಾಗಲಿಲ್ಲ. ನಮ್ಮ ಮಾರ್ಗದರ್ಶಕ ಉಪನ್ಯಾಸಕರು ವೀಕ್ಷಣಾ ಪುಸ್ತಕದಲ್ಲಿ ಬರೆದು, ಆಮೇಲೆ ಬಾಯಿಯಲ್ಲೂ ಹೇಳಿದರು: “ಉತ್ಸಾಹ ಚೆನ್ನಾಗಿದೆಯಮ್ಮ. ಆದರೆ 25 ಮಕ್ಕಳು ನಿನ್ನ ಪಾಠದ ಹಿಂದೆ ಓಡಿದರು, ಪಾಠದೊಳಗೆ ಬರಲಿಲ್ಲ.”

ಬದಲಿಸಿದ ಪಾಠ

ಆ ರಾತ್ರಿ ಪಾಠಯೋಜನೆಯನ್ನು ಮತ್ತೆ ಬರೆದೆ. ಸೈಕಲನ್ನು ಯಾರೂ ತುಳಿಯಬಾರದು. ಅದು ವಾಹನವಲ್ಲ, ಅಳತೆಯ ಸಾಧನ. ಆರು ಮಂದಿಯ ಆರು ಗುಂಪು, ಗುಂಪಿಗೊಂದು ಸೈಕಲ್. ಒಬ್ಬರು ತಳ್ಳುವುದು, ಒಬ್ಬರು ಸುತ್ತು ಎಣಿಸುವುದು, ಒಬ್ಬರು ನಕ್ಷೆ ಬರೆಯುವುದು, ಇಬ್ಬರು ಎಡಬದಿ ಬಲಬದಿ ನೋಡುವುದು, ಒಬ್ಬರು ದಾಖಲಿಸುವುದು. ಪ್ರತಿ ನಿಲುಗಡೆಯಲ್ಲೂ ಕೆಲಸ ಬದಲಾಗಬೇಕು.

ಮೊದಲು ಶಾಲೆಯ ಅಂಗಳದಲ್ಲೇ ಚಕ್ರದ ಸುತ್ತಳತೆ ತೆಗೆದೆವು. ಟೈರಿನ ಮೇಲೆ ಸೀಮೆಸುಣ್ಣದ ಗುರುತು ಹಾಕಿ, ಗುರುತು ನೆಲ ಮುಟ್ಟಿದಲ್ಲಿಂದ ಮತ್ತೆ ಮುಟ್ಟುವವರೆಗೆ ತಳ್ಳಿ, ಆ ಅಂತರವನ್ನು ಟೇಪಿನಿಂದ ಅಳೆದಾಗ ಸುಮಾರು 2.1 ಮೀಟರ್ ಬಂತು. 26 ಇಂಚಿನ ಚಕ್ರವಾದ್ದರಿಂದ ವ್ಯಾಸವನ್ನು ಪೈನಿಂದ ಗುಣಿಸಿಯೂ ತಾಳೆ ನೋಡಿದೆವು. ಹಾಗಾದರೆ 100 ಸುತ್ತಿಗೆ 210 ಮೀಟರ್. ಎಣಿಕೆ ತಪ್ಪದಿರಲೆಂದು ಕಡ್ಡಿಯೊಂದಕ್ಕೆ ಕೆಂಪು ಟೇಪು ಕಟ್ಟಿದೆವು.

ನಿಯಮ ಒಂದೇ: 100 ಸುತ್ತಿಗೊಮ್ಮೆ ನಿಲ್ಲಬೇಕು. ಮೂರು ನಿಮಿಷ ನಿಂತು ನೋಡಿ ಬರೆಯಬೇಕು. ಐದು ನಿಲುಗಡೆ, 1,050 ಮೀಟರ್, ಎರಡು ಅವಧಿಯ ಸಮಯ. ನಾಲೆಯ ಏರಿಯ ಮೇಲೆ ಮಕ್ಕಳು ಹತ್ತಬಾರದೆಂದು ಸಹಶಿಕ್ಷಕರೊಬ್ಬರು ಮುಂದೆ, ನಾನು ಹಿಂದೆ ಇದ್ದೆವು.

ನಾಲ್ಕನೇ ನಿಲುಗಡೆ

ನಾಲ್ಕನೇ ನಿಲುಗಡೆಯಲ್ಲಿ, ಹಿಂದೆ ಬರಬೇಕಾ ಎಂದು ಕೇಳಿದ್ದ ಅದೇ ಹುಡುಗಿ ಎಡಬದಿ ನೋಡುವ ಸರದಿಯಲ್ಲಿದ್ದಳು. ನಾಲೆಗಿಂತ ತಗ್ಗಿನ ಕಡೆ ಭತ್ತ, ಕಬ್ಬು. ಎತ್ತರದ ಕಡೆ ರಾಗಿ, ಹುರುಳಿ ಎಂದು ಬರೆದಿದ್ದಳು. “ಯಾಕೆ ಹಾಗೆ?” ಎಂದೆ. “ನೀರು ಮೇಲಕ್ಕೆ ಹತ್ತಲ್ವಲ್ಲ ಮಿಸ್. ತೂಬು ಬಿಟ್ರೆ ಕೆಳಗಡೆಗೇ ಹೋಗೋದು” ಎಂದಳು. ಇಳಿಜಾರು, ಸಮೋನ್ನತಿ, ನಾಲಾ ನೀರಾವರಿ — ನಾನು ಮೂರು ಪಾಠಗಳಲ್ಲಿ ಹೇಳಬೇಕಿದ್ದುದನ್ನು ಅವಳು ಒಂದೇ ಮಾತಿನಲ್ಲಿ ಹೇಳಿದಳು. ದಿನವೂ ಆ ದಾರಿಯಲ್ಲಿ ಸೈಕಲ್ ತುಳಿಯುವ ಹುಡುಗನೊಬ್ಬ, “ನಾನು ನೋಡೇ ಇರ್ಲಿಲ್ಲ ಮಿಸ್” ಎಂದ.

ಮತ್ತೆ ತರಗತಿಗೆ

ಮರಳಿ ಬಂದು ಮೊದಲ ದಿನದ ಅಂಕಿಗಳನ್ನೇ ತೆಗೆದುಕೊಂಡೆವು. 956ನ್ನು 23ರಿಂದ ಭಾಗಿಸಿದಾಗ ದಿನಕ್ಕೆ ಸುಮಾರು 42 ಕಿ.ಮೀ. ನಮ್ಮ ಚಕ್ರದ ಲೆಕ್ಕದಲ್ಲಿ ಅದು 20,000 ಸುತ್ತು. 500 ಸುತ್ತು ಎಣಿಸಿ ದಣಿದಿದ್ದ ಮಕ್ಕಳು “ಅಬ್ಬಾ!” ಎಂದರು. 42 ಕಿ.ಮೀ. ಈಗ ಬರಿಯ ಅಂಕಿಯಾಗಿ ಉಳಿದಿರಲಿಲ್ಲ.

ನಂತರ ಅಟ್ಲಾಸಿನಲ್ಲಿ ಬಾಗ್ದಾದ್ ಮತ್ತು ಅಲೆಪ್ಪೊ ನಡುವೆ ಸ್ಕೇಲು ಇಟ್ಟು ಪ್ರಮಾಣದಿಂದ ಗುಣಿಸಿದರು. ನೇರ ದೂರ ಸುಮಾರು 740 ಕಿ.ಮೀ. ಬಂತು. “956 ಎಲ್ಲಿಂದ ಬಂತು?” ಎಂದು ನಾನು ಕೇಳುವ ಮೊದಲೇ, ನಕ್ಷೆ ಬರೆದವನೊಬ್ಬ ತನ್ನ ಹಾಳೆಯ ಎರಡು ತಿರುವುಗಳನ್ನು ತೋರಿಸಿ, “ದಾರಿ ಸೊಟ್ಟ ಇರುತ್ತೆ ಮಿಸ್” ಎಂದ. ನೇರ ದೂರಕ್ಕೂ ದಾರಿಯ ದೂರಕ್ಕೂ ಇರುವ ವ್ಯತ್ಯಾಸವೇ ಆ ದಿನದ ಕಲಿಕಾಫಲವಾಗಿತ್ತು.

ಮಾಡಿ ನೋಡುವವರಿಗೆ

ದೂರದೇಶದ ಪ್ರವಾಸವನ್ನು ಸಾಹಸದ ಕಥೆಯಾಗಿ ಮಾತ್ರ ಹೇಳಿದರೆ ಮಕ್ಕಳು ಬೆರಗಾಗುತ್ತಾರೆ, ಅಷ್ಟೇ. ಆ ಪ್ರವಾಸಿಗಳ ನಿಧಾನವನ್ನು ತಮ್ಮ ಊರಿನ ಒಂದು ಕಿಲೋಮೀಟರಿನಲ್ಲಿ ಅನುಭವಿಸಿದರೆ ಭೂಪಟ ಅವರದ್ದಾಗುತ್ತದೆ. ಈ ಚಟುವಟಿಕೆಗೆ ಆರು ಸೈಕಲ್, ಸೀಮೆಸುಣ್ಣ, ಅಳತೆಯ ಟೇಪು ಸಾಕು. ಗಣಿತ ಶಿಕ್ಷಕರನ್ನು ಜೊತೆಗೆ ಕರೆದುಕೊಂಡರೆ ಪರಿಧಿಯ ಪಾಠವೂ ಆಗುತ್ತದೆ. ವಾಹನ ಸಂಚಾರ ಕಡಿಮೆಯಿರುವ ದಾರಿಯನ್ನು ಹಿಂದಿನ ದಿನವೇ ನಡೆದು ನೋಡಿ. ಎಲ್ಲಕ್ಕಿಂತ ಮೊದಲು, ಯೋಜನೆ ಬರೆಯುವಾಗ ಬೇಕಾದ ಸಾಮಗ್ರಿ ಯಾವ ಮಗುವಿನ ಬಳಿ ಇಲ್ಲ ಎಂದು ಎಣಿಸಿ, ಪಾಠವನ್ನು ಆ ಮಗುವಿನಿಂದ ಆರಂಭಿಸಿ. ನಾನು ಇದನ್ನು ಒಂದು ದಿನ ತಡವಾಗಿ ಕಲಿತೆ.